ಫೆಬ್ರವರಿಗೆ ಇನ್ನೊಂದು ಹೆಸರು

ಸ್ವೀಡನ್ನಿನ ಜನ ಫೆಬ್ರವರಿ ತಿಂಗಳನ್ನು ತಮಾಷೆಗೆ ‘ವಾಬ್ರುವಾರಿ’ ಎನ್ನುತ್ತಾರೆ. ಕಾಯಿಲೆ ಬಿದ್ದ ಮಗುವನ್ನು ನೋಡಿಕೊಳ್ಳಲು ತಾಯಿಯೋ ತಂದೆಯೋ ಕೆಲಸ ಬಿಟ್ಟು ಮನೆಯಲ್ಲಿ ಉಳಿಯುವುದಕ್ಕೆ ಇಲ್ಲಿ ‘ವಾಬ್’ ಎಂದು ಹೆಸರು. ಆ ತಿಂಗಳು ಶಿಶುವಿಹಾರದ ಮಕ್ಕಳೆಲ್ಲ ಸರದಿಯ ಮೇಲೆ ಮೂಗು ಸುರಿಸುತ್ತಾರೆ. ಕಚೇರಿಗಳಲ್ಲಿ ಅರ್ಧ ಕುರ್ಚಿಗಳು ಖಾಲಿ.

ನಾನು ಇಲ್ಲಿನ ಉಪ್ಸಲಾ ನಗರಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಮಗನಿಗೆ ಜ್ವರ ಬಂತು. ಬೆಂಗಳೂರಿನಲ್ಲಿ ರೂಢಿಯಾದಂತೆ ಮೇಲಧಿಕಾರಿಗೆ ಎಂಟು ಸಾಲಿನ ಕ್ಷಮಾಪಣೆ ಬರೆದೆ. ರಾತ್ರಿ ಕುಳಿತು ಕೆಲಸ ಮುಗಿಸುವೆನೆಂದು ಮಾತನ್ನೂ ಕೊಟ್ಟೆ. ‘ವಾಬ್ ತಾನೇ?’ ಎಂದಷ್ಟೇ ಉತ್ತರ ಬಂತು. ವಾಬ್ ದಿನಗಳಿಗೆ ಸಂಬಳದ ಹೆಚ್ಚು ಕಡಿಮೆ ಶೇಕಡಾ 80ರಷ್ಟನ್ನು, ಒಂದು ಮಿತಿಯೊಳಗೆ, ಸಾಮಾಜಿಕ ವಿಮಾ ಸಂಸ್ಥೆ ಕೊಡುತ್ತದೆ. ಒಂದು ಮಗುವಿಗೆ ವರ್ಷಕ್ಕೆ 120 ದಿನ. ಮೊದಲ ವಾರ ವೈದ್ಯರ ಚೀಟಿಯೂ ಬೇಡ. ಮಗುವಿಗೆ ಜ್ವರ ಎಂದು ಅಪ್ಪ ಹೇಳಿದರೆ ನಂಬುತ್ತಾರೆ. ನನ್ನನ್ನು ತಬ್ಬಿಬ್ಬು ಮಾಡಿದ್ದು ಹಣವಲ್ಲ, ಈ ನಂಬಿಕೆ.

ನನ್ನ ಚಿಕ್ಕಮ್ಮ ತಿ. ನರಸೀಪುರ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಈ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: ‘ಅಲ್ಲಪ್ಪ, ಕೂಲಿಗೆ ಹೋಗುವವರಿಗೂ ಕೊಡುತ್ತಾರೆಯೇ?’ ಮಹಾನೀತಿಗಳ ಮೇಲೆ ನಡೆಯುವ ಗೋಷ್ಠಿಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ನಾನು ಕೇಳಿದ್ದು ಕಡಿಮೆ. ಹೌದು, ಶುಚಿಗೊಳಿಸುವ ಕೆಲಸದವರಿಗೂ ಅದೇ ಲೆಕ್ಕ.

ವಿಚಿತ್ರವೆಂದರೆ ಎರಡೂ ದೇಶಗಳು ಹೆಚ್ಚು ಕಡಿಮೆ ಒಟ್ಟಿಗೇ ಹೊರಟವು. 1974ರಲ್ಲಿ ಸ್ವೀಡನ್ ಹೆರಿಗೆ ರಜೆಯನ್ನು ತಂದೆಯೂ ಹಂಚಿಕೊಳ್ಳುವ ಪೋಷಕರ ರಜೆಯನ್ನಾಗಿ ಬದಲಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತ ತನ್ನ ಮೊದಲ ರಾಷ್ಟ್ರೀಯ ಮಕ್ಕಳ ನೀತಿಯನ್ನು ಒಪ್ಪಿಕೊಂಡಿತು. ಮಕ್ಕಳು ದೇಶದ ಅತ್ಯಮೂಲ್ಯ ಆಸ್ತಿ ಎಂದು ಅದರಲ್ಲಿ ಬರೆದಿತ್ತು. ಮರುವರ್ಷ ಗಾಂಧಿ ಜಯಂತಿಯಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಚಿಕ್ಕಮ್ಮನ ತಿ. ನರಸೀಪುರವೇ. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಕೋಟಿಗಟ್ಟಲೆ ಮಕ್ಕಳಿಗೆ ಊಟ, ಲಸಿಕೆ, ತೂಕದ ಲೆಕ್ಕ. ಇಡೀ ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿಯ ಆಚೀಚೆ ಎಂಬುದನ್ನು ನೆನಪಿಟ್ಟುಕೊಂಡರೆ, ನಮ್ಮ ಕೆಲಸವನ್ನು ಹೀಗಳೆಯಲು ನಾಲಗೆ ಏಳುವುದಿಲ್ಲ.

ನನ್ನ ತಕರಾರು ಆ ‘ಆಸ್ತಿ’ಯ ಮೇಲೆ. ಆಸ್ತಿಗೆ ಒಡೆಯನಿರುತ್ತಾನೆ, ಅದರಿಂದ ಮುಂದೆ ಉತ್ಪತ್ತಿ ಬರಬೇಕು. 2013ರ ಹೊಸ ನೀತಿ ಈ ಮನೋಭಾವವನ್ನು ಬಹುಮಟ್ಟಿಗೆ ತಿದ್ದಿತು: ಬಾಲ್ಯಕ್ಕೆ ತನ್ನದೇ ಆದ ಬೆಲೆಯಿದೆ ಎಂದಿತು, ಹದಿನೆಂಟರೊಳಗಿನ ಎಲ್ಲರೂ ಮಕ್ಕಳು ಎಂದಿತು. ಓದಲು ಚೆನ್ನಾಗಿದೆ, ಸ್ವೀಡನ್ನಿನ ಯಾವ ದಾಖಲೆಗೂ ಕಡಿಮೆಯಿಲ್ಲ. ಆದರೆ ನಮ್ಮ ಕಚೇರಿಗಳ ಅರ್ಜಿ ನಮೂನೆಯಲ್ಲಿ ಮಗು ಇನ್ನೂ ‘ಫಲಾನುಭವಿ’. ಆ ಮಾತು ಕೇಳಿದರೆ ನನಗೆ ಸಾಲಿನಲ್ಲಿ ನಿಂತ ಜನ ಕಣ್ಣಿಗೆ ಬರುತ್ತಾರೆ. ಇಲ್ಲಿ ಹದಿನಾರು ತುಂಬುವವರೆಗೆ ಪ್ರತಿ ಮಗುವಿನ ಹೆಸರಿನಲ್ಲಿ ತಿಂಗಳಿಗೆ 1,250 ಕ್ರೋನರ್ ಬರುತ್ತದೆ, ಕಾರ್ಖಾನೆಯ ಮಾಲೀಕನ ಮನೆಗೂ. ಶ್ರೀಮಂತರಿಗೇಕೆ ಎಂದು ನಾನೂ ವಾದಿಸಿದ್ದೆ. ‘ಹಣ ಶ್ರೀಮಂತನಿಗಲ್ಲ, ಮಗುವಿಗೆ’ ಎಂದು ನೆರೆಮನೆಯಾಕೆ ಬಾಯಿ ಮುಚ್ಚಿಸಿದರು.

ಮಕ್ಕಳಿಗೆ ಹೊಡೆಯುವುದನ್ನು ಮನೆಯೊಳಗೂ ನಿಷೇಧಿಸಿದ ಜಗತ್ತಿನ ಮೊದಲ ದೇಶ ಇದು, 1979ರಲ್ಲಿ. ಕಾನೂನು ಬಂದಾಗ ಅದರ ವಿವರವನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದರಂತೆ, ಬೆಳಗಿನ ತಿಂಡಿಯ ಹೊತ್ತಿಗೆ ಅಪ್ಪನೂ ಓದಲಿ, ಮಗಳೂ ಓದಲಿ ಎಂದು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ನಾನು ಓದಿದ ಶಾಲೆಯಲ್ಲಿ ಬೆತ್ತಕ್ಕೆ ಹೆಸರೇ ಇಟ್ಟಿದ್ದರು. ಅದರ ಇಂದಿನ ಸ್ಥಿತಿ ಏನೋ ತಿಳಿಯದು.

ಸ್ವೀಡನ್ ಸ್ವರ್ಗವೆಂದು ಯಾರಾದರೂ ಓದಿಕೊಂಡರೆ ತಪ್ಪು. ಹದಿಹರೆಯದ ಹುಡುಗರನ್ನು ಪಾತಕಿಗಳ ಗುಂಪುಗಳು ಕೊಲೆಗೆ ಬಳಸಿಕೊಳ್ಳುತ್ತಿವೆ. ಅಪರಾಧ ಹೊಣೆಗಾರಿಕೆಗೆ ಇದ್ದ ಹದಿನೈದರ ಮಿತಿಯನ್ನು ಇಳಿಸುವ ಮಾತು ಇಲ್ಲಿ ಜೋರಾಗಿ ಎದ್ದಿತು. 2015ರಲ್ಲಿ ನಾವೂ ಘೋರ ಅಪರಾಧಗಳಿಗೆ ಹದಿನಾರು ಮೀರಿದವರನ್ನು ವಯಸ್ಕರಂತೆ ವಿಚಾರಣೆ ಮಾಡಲು ದಾರಿ ತೆರೆದೆವು. ಹೆದರಿಕೆಯಾದಾಗ ದೊಡ್ಡವರು ಮೊದಲು ಕೈ ಹಾಕುವುದು ಮಕ್ಕಳ ವಯಸ್ಸಿಗೆ, ಅದು ಉಪ್ಸಲಾದಲ್ಲಾಗಲಿ ದೆಹಲಿಯಲ್ಲಾಗಲಿ.

ವ್ಯತ್ಯಾಸ ಎಲ್ಲಿದೆ ಎಂದರೆ, ಇಲ್ಲಿ ನೀತಿ ಎಂಬುದು ಎಷ್ಟು ದಿನ, ಎಷ್ಟು ಹಣ, ಕೊಡಬೇಕಾದವರು ಯಾರು ಎಂದು ಬರೆದುಕೊಂಡು ಬರುತ್ತದೆ. ಪೋಷಕರ ರಜೆ 480 ದಿನ, ಅದರಲ್ಲಿ ತೊಂಬತ್ತು ದಿನವನ್ನು ತಂದೆ ತಾನೇ ತೆಗೆದುಕೊಳ್ಳದಿದ್ದರೆ ಕೈತಪ್ಪುತ್ತದೆ. ನಮ್ಮಲ್ಲಿ 2017ರಿಂದ 26 ವಾರಗಳ ಹೆರಿಗೆ ರಜೆ ಇದೆ, ಒಳ್ಳೆಯದೇ. ಆದರೆ ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯ ಹೆಂಗಸನ್ನು, ಹೊಲದ ಕೂಲಿಯವಳನ್ನು ಅದು ಮುಟ್ಟುವುದಿಲ್ಲ. ಅವರ ಮಗುವನ್ನು ನೋಡಿಕೊಳ್ಳುವವರು ಚಿಕ್ಕಮ್ಮ. ಅವರಿಗೆ ಸಿಗುವುದಾದರೂ ಸಂಬಳವಲ್ಲ, ‘ಗೌರವಧನ’. ಅಂಗನವಾಡಿಯವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಮಕ್ಕಳ ನೀತಿಯನ್ನು ಹೊತ್ತವರ ಬದುಕೇ ನೀತಿಯ ಹೊರಗೆ ಉಳಿದಿರುವುದು ನನ್ನನ್ನು ಕೆರಳಿಸುತ್ತದೆ.

ನಮ್ಮಲ್ಲೂ ಒಂದು ಅಂಕೆ ಇದೆ. ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು. ಅದನ್ನು ಬರೆದದ್ದು ನೀತಿಯಲ್ಲ, 2006ರ ಸುಪ್ರೀಂ ಕೋರ್ಟ್ ಆದೇಶ. ಸ್ವೀಡನ್ನಿನ ಅಂಕೆ ಐದು: ಒಂದು ಪೌರಾಡಳಿತದ ಶಾಲೆಗಳಲ್ಲಿ ಒಂದೇ ಮನೆಮಾತಿನ ಐದು ಮಕ್ಕಳಿದ್ದು, ತಕ್ಕ ಶಿಕ್ಷಕರು ಸಿಕ್ಕರೆ ಆ ಭಾಷೆಯ ಪಾಠ ನಡೆಸಬೇಕು, ಅದು ಕನ್ನಡವಾದರೂ ಸರಿ.

ನಮ್ಮ ಪರಿಚಯದವರಲ್ಲಿ ಹುಡುಕಿದಾಗ ನಾಲ್ಕು ಮಕ್ಕಳು ಸಿಕ್ಕರು. ಐದನೆಯವನಿಗೆ ಈಗ ಒಂದೂವರೆ ವರ್ಷ. ಚಿಕ್ಕಮ್ಮನಿಗೆ ಹೇಳಿದೆ. ‘ಟಿಕೆಟ್ ಕಳಿಸು, ನಾನೇ ಬರುತ್ತೇನೆ. ನಲವತ್ತು ಮಕ್ಕಳನ್ನು ಕೂರಿಸಿಕೊಂಡವಳಿಗೆ ಐದು ಯಾವ ಲೆಕ್ಕ?’ ಎಂದರು. ಆಮೇಲೆ ಸ್ವಲ್ಪ ತಡೆದು, ‘ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ ತಾನೇ?’ ಎಂದು ಕೇಳಿದರು.