ಇದು ನಿಮ್ಮದಾ ಸರ್?

ನಾವಿರುವ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಕೋಣೆ ಒಂದೇ. ಅಲ್ಲಿ ಎರಡು ವಾಷಿಂಗ್ ಮಷಿನ್, ಒಂದು ಡ್ರೈಯರ್ ಮತ್ತು ಕಾಲು ಅಲ್ಲಾಡುವ ಒಂದು ಮೇಜು ಇವೆ. ಲಿಫ್ಟಿನಲ್ಲಿ ಸಿಕ್ಕರೆ ಮುಖ ನೋಡದೆ, ಬದಲಾಗುವ ಮಹಡಿಯ ನಂಬರನ್ನೇ ನೋಡುತ್ತಾ ನಿಲ್ಲುವ ಜನ ನಾವು. ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಆದರೆ ಯಾರ ಬನಿಯನ್ನಿನಲ್ಲಿ ಎಲ್ಲಿ ತೂತಿದೆ ಅನ್ನುವುದು ಎಲ್ಲರಿಗೂ ಗೊತ್ತು.

ಪರಿಚಯ ಬೆಳೆಯುವ ಕ್ರಮವೇ ಇಲ್ಲಿ ತಲೆಕೆಳಗು. ಬೇರೆ ಕಡೆ ಮೊದಲು ಮುಖ ಪರಿಚಯ, ಆಮೇಲೆ ಹೆಸರು, ಆಮೇಲೆ ನಾಲ್ಕು ಮಾತು. ಅಷ್ಟಾಗಿ ವರ್ಷಗಳು ಕಳೆದರೂ ಒಬ್ಬರ ಒಳಉಡುಪಿನ ಬಗ್ಗೆ ಇನ್ನೊಬ್ಬರಿಗೆ ಏನೂ ತಿಳಿದಿರುವುದಿಲ್ಲ. ಇಲ್ಲಿ ಶುರುವಾಗುವುದೇ ಅಲ್ಲಿಂದ. ಮೂರನೇ ಮಹಡಿಯಲ್ಲೊಬ್ಬರಿದ್ದಾರೆ. ಯಾವಾಗ ನೋಡಿದರೂ ಗರಿಗರಿ ಇಸ್ತ್ರಿ ಅಂಗಿ, ಗಂಟಿಕ್ಕಿದ ಹುಬ್ಬು. ಅವರನ್ನು ಕಂಡರೆ ಸುಮ್ನೆ ಭಯವಾಗುತ್ತಿತ್ತು. ಅವರ ಚಡ್ಡಿಗಳ ಮೇಲೆ ಹಳದಿ ಬಾತುಕೋಳಿಗಳ ಚಿತ್ರ ಇದೆ ಅಂತ ಗೊತ್ತಾದ ಮೇಲೆ ಭಯ ಹೋಯಿತು. ಈಗ ಇನ್ನೊಂದು ಕಷ್ಟ. ಲಿಫ್ಟಿನಲ್ಲಿ ಅವರು ಪಕ್ಕಕ್ಕೆ ಬಂದು ನಿಂತರೆ ನಗು ತಡೆಯಲು ನಾನು ಕೆಮ್ಮಬೇಕು.

ಈ ರಹಸ್ಯ ನನಗೆ ಗೊತ್ತಾದದ್ದು ಹೇಗೆ ಅಂತ ಹೇಳಬೇಕಾದರೆ, ಮುಗಿದ ಮಷಿನ್ನಿನ ಸಮಸ್ಯೆಯನ್ನು ಮೊದಲು ಹೇಳಬೇಕು.

ನೀವು ಬಕೆಟ್ ತುಂಬಾ ಬಟ್ಟೆ ಹೊತ್ತು ಕೆಳಗೆ ಬರುತ್ತೀರಿ. ಒಂದು ಮಷಿನ್ ಓಡುತ್ತಿದೆ. ಇನ್ನೊಂದು ಓಡಿ ಮುಗಿಸಿ ಸುಮ್ಮನೆ ನಿಂತಿದೆ. ಗಾಜಿನ ಬಾಗಿಲಿನ ಹಿಂದೆ ಯಾರದೋ ಒದ್ದೆ ಬಟ್ಟೆ ಮುದ್ದೆಯಾಗಿ ಬಿದ್ದಿದೆ. ಯಜಮಾನರ ಪತ್ತೆಯಿಲ್ಲ. ಈಗೇನು ಮಾಡುವುದು? ಕಾಯಬೇಕು, ಸರಿ. ಎಷ್ಟು ಹೊತ್ತು? ಇದರ ಬಗ್ಗೆ ಜನರಲ್ಲಿ ಒಮ್ಮತವಿಲ್ಲ. ಬೀಪ್ ಅಂದ ಮರುಕ್ಷಣವೇ ಬಾಗಿಲು ತೆಗೆಯುವ ಧೈರ್ಯವಂತರಿದ್ದಾರೆ. ಸಂಜೆಯವರೆಗೆ ಕಾದು, ಕೊನೆಗೆ ಕೊಳೆ ಬಟ್ಟೆಯನ್ನೇ ವಾಪಸ್ ಹೊತ್ತುಕೊಂಡು ಹೋಗುವ ಸಜ್ಜನರೂ ಇದ್ದಾರೆ. ನನ್ನ ಪ್ರಕಾರ ಹತ್ತು ನಿಮಿಷ ಸಾಕು. ಹತ್ತು ನಿಮಿಷದಲ್ಲಿ ಬರದವರು ಇವತ್ತು ಬರುವವರಲ್ಲ.

ಕಾಯುವುದಕ್ಕೆ ಸಮಯವನ್ನಾದರೂ ನಂಬಬಹುದಾ ಅಂದರೆ, ಮಷಿನ್ ತೋರಿಸುವ ನಿಮಿಷಗಳದ್ದು ಬೇರೆಯೇ ಲೆಕ್ಕ. ‘1 ನಿಮಿಷ’ ಅಂತ ತೋರಿಸುತ್ತಾ ಆರಾಮಾಗಿ ಏಳೆಂಟು ನಿಮಿಷ ತೆಗೆದುಕೊಳ್ಳುತ್ತದೆ. ಅದು ಗಡಿಯಾರ ಅಲ್ಲ, ಅಂದಾಜು. ಒಳಗಿನ ಡ್ರಮ್ ಹಿಂಡುವಾಗ ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗಬೇಕು. ದಪ್ಪ ಬೆಡ್‌ಶೀಟ್ ಒಂದೇ ಬದಿಗೆ ಸೇರಿಕೊಂಡಿದ್ದರೆ ಆ ವೇಗದಲ್ಲಿ ಮಷಿನ್ ಎದ್ದು ನಡೆಯಲು ಶುರು ಮಾಡುತ್ತದೆ. ಅದಕ್ಕೇ ಮೊದಲು ನಿಧಾನವಾಗಿ ಅತ್ತಿತ್ತ ತಿರುಗಿಸಿ ಬಟ್ಟೆ ಹರಡಲು ನೋಡುತ್ತದೆ. ಆಗಲಿಲ್ಲವೆಂದರೆ ಮತ್ತೊಮ್ಮೆ. ಅಷ್ಟು ಹೊತ್ತೂ ಆ ಒಂದು ನಿಮಿಷ ಒಂದೇ ನಿಮಿಷವಾಗಿ ಉಳಿದಿರುತ್ತದೆ. ಕೊನೆಗೂ ಮುಗಿಯಿತು ಅಂದುಕೊಂಡರೆ ಬಾಗಿಲು ಬಿಡುವುದಿಲ್ಲ. ಡ್ರಮ್ ಪೂರ್ತಿ ನಿಂತಿದೆ, ನೀರು ಹೋಗಿದೆ ಅಂತ ಖಾತ್ರಿಯಾಗಲು ಇನ್ನೂ ಒಂದೆರಡು ನಿಮಿಷ ಲಾಕ್ ಹಾಗೇ ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಒಳಗೆ ಬಂದರೆ ಮುಗಿಯಿತು. ಬೇರೆಯವರ ಬಟ್ಟೆ ತುಂಬಿದ ಮಷಿನ್ನಿನ ಬಾಗಿಲನ್ನು ಶಕ್ತಿಮೀರಿ ಎಳೆಯುತ್ತಿರುವ ಮನುಷ್ಯನನ್ನು ಅವರು ಏನೆಂದುಕೊಳ್ಳಬೇಕು?

ಅವತ್ತು ನಾನು ನಿಯಮದ ಪ್ರಕಾರ ಹತ್ತು ನಿಮಿಷ ಕಾದೆ. ಬಾಗಿಲು ಸಲೀಸಾಗಿ ತೆರೆಯಿತು. ಅಂಗಿಗಳನ್ನು ತೆಗೆದೆ, ಯಾರೂ ಬರಲಿಲ್ಲ. ಟವೆಲ್‌ಗಳನ್ನು ತೆಗೆದೆ, ಯಾರೂ ಬರಲಿಲ್ಲ. ದಿಂಬಿನ ಕವರುಗಳನ್ನು ಕೊಡವಿ ಕೂಡ ಇಟ್ಟೆ. ಡ್ರಮ್ಮಿನ ತಳಕ್ಕೆ ಅಂಟಿಕೊಂಡಿದ್ದ ಕೊನೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಇದೇನಪ್ಪಾ ಹಳದಿ ಹಳದಿ ಅಂತ ಬೆಳಕಿಗೆ ಎತ್ತಿ ನೋಡುತ್ತಿದ್ದೆ. ಆಗ ಕೋಣೆಯ ಬಾಗಿಲು ತೆರೆಯಿತು.

“ಅದು ನಂದು,” ಅಂದರು.

“ಗೊತ್ತು ಸರ್,” ಅಂದೆ. “ಅಲ್ಲ, ಗೊತ್ತಿರಲಿಲ್ಲ.”

ಇಬ್ಬರ ನಡುವೆ ಬಾತುಕೋಳಿಗಳು ನೀರು ತೊಟ್ಟಿಕ್ಕಿಸುತ್ತಿದ್ದವು. ಅವರು ಕೈ ಚಾಚಿದರು. ನಾನು ಎರಡೂ ಕೈ ಸೇರಿಸಿ ಕೊಟ್ಟೆ. ಎರಡು ಕೈ ಯಾಕೆ ಅಂತ ಕೇಳಬೇಡಿ, ಆ ಗಳಿಗೆಯಲ್ಲಿ ಅದೇ ಮರ್ಯಾದೆ ಅನ್ನಿಸಿತು. ಅವರು “ಥ್ಯಾಂಕ್ಸ್” ಅಂದರು. ಅದನ್ನು ಯಾಕೆ ಅಂದರೋ ಅವರಿಗೂ ತಿಳಿದಿರಲಿಕ್ಕಿಲ್ಲ.

ತೆಗೆದ ಬಟ್ಟೆಯನ್ನು ಏನು ಮಾಡಬೇಕು ಅನ್ನುವುದೂ ಸಣ್ಣ ಪ್ರಶ್ನೆಯಲ್ಲ. ಮೇಜಿನ ಮೇಲೆ ಮುದ್ದೆ ಮಾಡಿ ಹಾಕಿದರೆ ಸಿಟ್ಟಿನಿಂದ ಎಸೆದ ಹಾಗೆ ಕಾಣುತ್ತದೆ. ನೀಟಾಗಿ ಮಡಿಚಿಟ್ಟರೆ ಅದಕ್ಕಿಂತ ಕೆಟ್ಟದ್ದು. ಯಾರೋ ಅಪರಿಚಿತರು ನನ್ನ ಒಂದೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು, ತಡವಿ, ಅಂಚಿಗೆ ಅಂಚು ಕೂಡಿಸಿ ಮಡಿಚಿದ್ದಾರೆ ಅಂತ ಯೋಚಿಸಿದರೆ ನನಗಂತೂ ಮೈ ಜುಂ ಅನ್ನುತ್ತದೆ. ಹಾಗಾಗಿ ಅರ್ಧ ಮಡಿಚಿ, ಅರ್ಧ ಹಾಗೇ ಬಿಟ್ಟು, ಕಾಳಜಿಯೂ ಇದೆ, ಆಸಕ್ತಿಯೇನೂ ಇಲ್ಲ ಅನ್ನುವಂತೆ ಇಡಬೇಕು. ಇದು ಅಭ್ಯಾಸದಿಂದ ಬರುವ ವಿದ್ಯೆ.

ಮುಟ್ಟುವುದೇ ಬೇಡ ಅನ್ನುವವರಿಗೆ ಒಂದು ಮಾತು. ಒದ್ದೆ ಬಟ್ಟೆ ಗಂಟೆಗಟ್ಟಲೆ ಮುಚ್ಚಿದ ಡ್ರಮ್ಮಿನಲ್ಲಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಆ ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಒಸ್ಲೋಎನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಅಂತ ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಬೇರೆಯವರ ಬಟ್ಟೆ ತೆಗೆಯುವಾಗ ಸಿಕ್ಕಿಬಿದ್ದರೆ ಈ ಹೆಸರು ಹೇಳಬಹುದು ಅಂತ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಇಂಥ ಹೆಸರು ಕೇಳಿದವರು ಜಾಸ್ತಿ ಜಗಳ ಆಡುವುದಿಲ್ಲ ಅನ್ನುವ ನಂಬಿಕೆ.

ಸೋಪಿನ ಪುಡಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಪುಡಿ ಜಾಸ್ತಿ ಹಾಕಿದಷ್ಟೂ ಬಟ್ಟೆ ಬೆಳ್ಳಗಾಗುತ್ತದೆ ಅಂತ ನಂಬಿದವರೊಬ್ಬರು ನಮ್ಮಲ್ಲಿದ್ದಾರೆ. ಆಗುವುದು ಉಲ್ಟಾ. ನೊರೆ ಜಾಸ್ತಿಯಾದರೆ ಬಟ್ಟೆ ಒಂದಕ್ಕೊಂದು ಸರಿಯಾಗಿ ಉಜ್ಜುವುದಿಲ್ಲ, ಕೊಳೆ ಬಿಡುವುದಿಲ್ಲ, ಮಷಿನ್ ಮತ್ತೆ ಮತ್ತೆ ಜಾಲಾಡುತ್ತಾ ಕೂರುತ್ತದೆ. ಅವರ ನಂತರ ಹೋದರೆ ಖಾಲಿ ನೀರಿಗೂ ನೊರೆ ಬರುತ್ತದೆ. ನಾನು ಎಷ್ಟೋ ಸಲ ಪುಡಿಯನ್ನೇ ಹಾಕದೆ ಅವರ ಪುಣ್ಯದಲ್ಲಿ ಬಟ್ಟೆ ಒಗೆದುಕೊಂಡಿದ್ದೇನೆ.

ಡ್ರೈಯರಿನ ಬಾಗಿಲ ಹತ್ತಿರ ಒಂದು ಜಾಲರಿ ಇದೆ. ಬಟ್ಟೆಯಿಂದ ಉದುರಿದ ನಾರೆಲ್ಲ ಅದರಲ್ಲಿ ಸೇರುತ್ತದೆ. ಪ್ರತಿ ಸಲವೂ ಅದನ್ನು ತೆಗೆಯಬೇಕು. ಇಲ್ಲದಿದ್ದರೆ ಬಿಸಿ ಗಾಳಿ ಆಡುವುದಿಲ್ಲ, ಒಣಗುವುದು ತಡ, ಬೆಂಕಿಯ ಭಯ ಬೇರೆ. ನನಗಿಂತ ಮುಂಚೆ ಬಂದವರು ಯಾರೂ ತೆಗೆದಿರುವುದಿಲ್ಲ. ಉಗುರು ಹಾಕಿ ಮೂಲೆಯಿಂದ ಎಬ್ಬಿಸಿದರೆ ದಪ್ಪ ಕಂಬಳಿಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಮೇಲೆ ಗುಲಾಬಿ ಪದರ, ಅಂದರೆ ಹೊಸ ಟವೆಲ್‌ನವರು. ಅದರ ಕೆಳಗೆ ಬೂದು, ಅದರ ಕೆಳಗೆ ಕಡು ನೀಲಿ. ನಡುನಡುವೆ ಬೆಕ್ಕಿನ ಕೂದಲು. ಕಟ್ಟಡದಲ್ಲಿ ಬೆಕ್ಕು ಸಾಕುವಂತಿಲ್ಲ. ನಾನು ಯಾರಿಗೂ ಹೇಳಿಲ್ಲ.

ಈ ಅವಸ್ಥೆಗೆ ವಯಸ್ಸಾಯಿತು. ಅಮೆರಿಕದ ಟೆಕ್ಸಸ್‌ನ ಫೋರ್ಟ್ ವರ್ತ್ ಊರಿನಲ್ಲಿ 1934ರ ಏಪ್ರಿಲ್‌ನಲ್ಲಿ ‘ವಾಷಟೀರಿಯಾ’ ಅಂತ ಒಂದು ಅಂಗಡಿ ತೆರೆಯಿತು. ನಾಲ್ಕು ವಿದ್ಯುತ್ ಮಷಿನ್, ಗಂಟೆಗಿಷ್ಟು ಬಾಡಿಗೆ. ಜನರೇ ಬಂದು ತಮ್ಮ ಬಟ್ಟೆ ತಾವು ಒಗೆದುಕೊಳ್ಳುವ ಇಂಥ ಅಂಗಡಿ ಅದೇ ಮೊದಲು ಅನ್ನುತ್ತಾರೆ. ಗಂಟೆ ಮುಗಿದರೂ ಬಾರದ ಮೊದಲ ಗಿರಾಕಿ ಮೊದಲ ದಿನವೇ ಇದ್ದಿರಬೇಕು ಅನ್ನುವುದು ನನ್ನ ಗುಮಾನಿ. ಈ ತಾಪತ್ರಯವಿಲ್ಲದ ಜಾಗ ನನಗೆ ಗೊತ್ತಿರುವಂತೆ ಒಂದೇ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅಲ್ಲಿ ನೀರು ಅಷ್ಟು ಅಮೂಲ್ಯ, ವಾಷಿಂಗ್ ಮಷಿನ್ನೇ ಇಲ್ಲ. ಹಾಕಿಕೊಂಡದ್ದನ್ನೇ ಆಗುವಷ್ಟು ದಿನ ಹಾಕಿಕೊಂಡು, ಆಮೇಲೆ ಕಸದ ಜೊತೆ ಸರಕು ನೌಕೆಗೆ ತುಂಬುತ್ತಾರೆ. ಅದು ವಾತಾವರಣದಲ್ಲಿ ಉರಿದು ಹೋಗುತ್ತದೆ. ಯಾರ ಚಡ್ಡಿಯ ಮೇಲೆ ಏನು ಚಿತ್ರವಿತ್ತು ಅನ್ನುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ನಮ್ಮಲ್ಲಿ ಜಗಳ ಬಾಯಲ್ಲಿ ನಡೆಯುವುದಿಲ್ಲ, ಗೋಡೆಯ ಮೇಲೆ ನಡೆಯುತ್ತದೆ. ಮೊದಲು ‘ದಯವಿಟ್ಟು ಬಟ್ಟೆಯನ್ನು ಬೇಗ ತೆಗೆಯಿರಿ’ ಅಂತ ಚೀಟಿ ಅಂಟಿತು. ಅದರ ಕೆಳಗೆ ಬೇರೆ ಕೈಬರಹ: ‘ಬೇಗ ಅಂದರೆ ಎಷ್ಟು?’ ಅದರ ಕೆಳಗೆ ಕೆಂಪು ಶಾಯಿಯಲ್ಲಿ: ‘ಮನುಷ್ಯರಿಗೆ ಗೊತ್ತಿರುತ್ತದೆ.’ ಬರೆದವರೂ ಓದಿದವರೂ ಆ ಕೋಣೆಯಲ್ಲಿ ಎದುರಾದರೆ ನಕ್ಕು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಕೆಂಪು ಶಾಯಿ ಯಾರದೆಂದು ನನಗೆ ಅನುಮಾನ ಇದೆ. ಬೆಕ್ಕಿನವರದೇ.

ಮೇಜಿನ ಪಕ್ಕ ಒಂದು ಹಗ್ಗ ಕಟ್ಟಿ, ವಾರಸುದಾರರಿಲ್ಲದ ಸಾಕ್ಸ್‌ಗಳನ್ನು ಕ್ಲಿಪ್ ಹಾಕಿ ನೇತುಹಾಕಿದ್ದಾರೆ. ಡ್ರೈಯರಿನ ಒಣ ಬಿಸಿಯಲ್ಲಿ ಬಟ್ಟೆಗಳು ಉಜ್ಜಿ ಉಜ್ಜಿ ವಿದ್ಯುತ್ತು ಹುಟ್ಟಿಸಿಕೊಂಡು ಒಂದಕ್ಕೊಂದು ಅಂಟುತ್ತವೆ. ಕೆಲವು ಡ್ರಮ್ಮಿನ ಗೋಡೆಗೇ ಅಂಟಿ ಉಳಿದು, ಮುಂದೆ ಬಂದವರ ಅಂಗಿಯ ತೋಳಿನೊಳಗೆ ಸೇರಿ ಬೇರೆ ಮಹಡಿಗೆ ಹೋಗಿಬಿಡುತ್ತವೆ. ವಾಷಿಂಗ್ ಮಷಿನ್ನಿನ ಬಾಗಿಲ ರಬ್ಬರಿನ ಮಡಿಕೆಯಲ್ಲೂ ಒಂದೊಂದು ಅಡಗಿರುತ್ತದೆ. ಸಿಕ್ಕವರು ತಂದು ಆ ಹಗ್ಗಕ್ಕೆ ಹಾಕುತ್ತಾರೆ.

ಮೊನ್ನೆ ನೋಡಿದರೆ ಅಲ್ಲಿ ನನ್ನದೊಂದು ನೇತಾಡುತ್ತಿತ್ತು. ಕಂದು ಬಣ್ಣ, ಹಿಮ್ಮಡಿ ಸವೆದು ಜಾಳಾಗಿದೆ, ಹೆಬ್ಬೆರಳಿನ ಕಡೆ ಒಂದು ದೊಡ್ಡ ಕಿಟಕಿ. ಕೈ ಹಾಕಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಬಟ್ಟೆ ಮಡಿಚುತ್ತಿದ್ದ ಮೇಡಂ ಕೇಳಿದರು, “ಇದು ನಿಮ್ಮದಾ ಸರ್?”

“ಛೆ ಛೆ, ಅಲ್ಲ ಮೇಡಂ. ಯಾರದೋ ಪಾಪ.”

“ಅಲ್ವಾ ಮತ್ತೆ. ಇಂಥದ್ದನ್ನೂ ಹಾಕ್ಕೋತಾರಲ್ಲ ಜನ,” ಅಂದರು. ನಾನೂ ತಲೆಯಾಡಿಸಿ, ಕಾಲವೇ ಕೆಟ್ಟಿದೆ ಅನ್ನುವ ಮುಖ ಮಾಡಿದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ತೆಗೆದುಕೊಳ್ಳೋಣ ಅಂದುಕೊಂಡಿದ್ದೆ. ಬಂದು ನೋಡಿದರೆ ಕ್ಲಿಪ್ ಮಾತ್ರ ಇದೆ, ಸಾಕ್ಸ್ ಇಲ್ಲ. ಯಾರೋ ತಮ್ಮದೇ ಅಂದುಕೊಂಡು ತೆಗೆದುಕೊಂಡು ಹೋಗಿದ್ದಾರೆ. ಜೋಡಿಯ ಇನ್ನೊಂದು ನನ್ನ ಹತ್ತಿರವೇ ಇದೆ. ಅವರೇ ಬಂದು ಕೇಳಿದರೆ ಕೊಟ್ಟುಬಿಡ್ತೀನಿ.