ಅಲ್ಲಿನ ಜನ ಮರೆತಿಲ್ಲ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಸುತ್ತುವವರಿಗೆ ನೀವು ಪ್ರಕಟಿಸಿದ ಪ್ರವಾಸ ಲೇಖನದಲ್ಲಿರುವ ಬಸ್ಸು, ಪುಪುಸಾ (ಅಲ್ಲಿನ ಹೂರಣದ ರೊಟ್ಟಿ), ಖರ್ಚಿನ ವಿವರ ಉಪಯೋಗಕ್ಕೆ ಬರುತ್ತದೆ. ಆದರೆ ‘ಅಲ್ಲಿನವರು ಅಂತರ್ಯುದ್ಧವನ್ನು ಮರೆತಿದ್ದಾರೆ, ಆ ಮಾತೇ ಎತ್ತಬೇಡಿ’ ಎಂದು ಅದರಲ್ಲಿ ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪೆರ್ಕಿನ್ ಊರಿನ ಕ್ರಾಂತಿ ಮ್ಯೂಸಿಯಂನಲ್ಲಿ ಜನರನ್ನು ಸುತ್ತಾಡಿಸಿ ವಿವರಿಸುತ್ತಾ ಬಂದವರೇ ಹಿಂದೆ ಗೆರಿಲ್ಲಾಗಳಾಗಿ ಸರ್ಕಾರದ ಸೈನ್ಯದ ವಿರುದ್ಧ ಹೋರಾಡಿದವರು. ಅಲ್ಲಿಗೆ ಹತ್ತಿರದ ಎಲ್ ಮೊಸೋಟೆಯಲ್ಲಿ 1981ರ ಡಿಸೆಂಬರ್‌ನಲ್ಲಿ ಸೈನ್ಯ ಊರಿಗೆ ಊರನ್ನೇ ಕೊಂದಿತು. ಚರ್ಚಿನ ಪಕ್ಕದ ಗೋಡೆಯ ಮೇಲೆ ಸತ್ತ ಮಕ್ಕಳ ಹೆಸರಿದೆ, ಹೆಸರಿನ ಜೊತೆ ವಯಸ್ಸೂ ಇದೆ. 1992ರಲ್ಲಿ ಚರ್ಚಿಗೆ ಸೇರಿದ ಕಟ್ಟಡದಲ್ಲಿ ಅಗೆದಾಗ ಸಿಕ್ಕ 143 ಜನರ ಅವಶೇಷಗಳಲ್ಲಿ 131 ಮಂದಿ 12 ವರ್ಷದೊಳಗಿನ ಮಕ್ಕಳು! ಬದುಕುಳಿದ ರುಫಿನಾ ಅಮಾಯಾ 2007ರಲ್ಲಿ ತೀರಿಕೊಳ್ಳುವವರೆಗೂ ಕಂಡದ್ದನ್ನು ಹೇಳುತ್ತಲೇ ಇದ್ದರು. ಮರೆಸಲು ನೋಡಿದ್ದು ಆಳುವವರು. 1993ರಲ್ಲಿ ಯುದ್ಧಕಾಲದ ಅಪರಾಧಗಳಿಗೆ ಕ್ಷಮಾದಾನದ ಕಾನೂನು ತಂದರು, 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಸ್ಸಿನಲ್ಲಿ ಸಿಕ್ಕಸಿಕ್ಕವರನ್ನು ಕೆದಕಿ ಕೇಳಬಾರದು ಅನ್ನುವುದು ಸರಿ. ಆದರೆ ಸರ್ಫಿಂಗ್‌ಗೆ ಅಷ್ಟೊಂದು ಪ್ಯಾರಾ ಕೊಟ್ಟ ಲೇಖಕರು ಈ ಊರುಗಳಿರುವ ಮೊರಾಸಾನ್ ಪ್ರಾಂತ್ಯಕ್ಕೆ ಎರಡು ಸಾಲು ಕೊಡಬೇಕಿತ್ತು. ದಯವಿಟ್ಟು ಈಗಲಾದರೂ ಸೇರಿಸಿ.