ಸ್ಪಷ್ಟನೆ: ತ್ರೀಡಿ ಪ್ರಿಂಟರ್ ಕಂಡುಹಿಡಿದವರು ಜೋಶುವಾ ಪಿಯರ್ಸ್ ಅಲ್ಲ

ಮೆಟೀರಿಯಲ್ಸ್ ಎಂಜಿನಿಯರ್ ಜೋಶುವಾ ಪಿಯರ್ಸ್ ಪದರದ ಮೇಲೆ ಪದರ ಹಾಕಿ ವಸ್ತುಗಳನ್ನೇ ತಯಾರಿಸುವ ತ್ರೀಡಿ ಪ್ರಿಂಟರ್ ಕಂಡುಹಿಡಿದರು ಎಂಬ ಮಾತು ಓಡಾಡುತ್ತಿದೆ. ಅದು ತಪ್ಪು. ಅಮೆರಿಕದ ಎಂಜಿನಿಯರ್ ಚಕ್ ಹಲ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1986ರಲ್ಲೇ. ತನ್ನ ಎಷ್ಟೋ ಬಿಡಿಭಾಗಗಳನ್ನು ತಾನೇ ಮುದ್ರಿಸಿಕೊಳ್ಳುವ ಓಪನ್ ಸೋರ್ಸ್ (ವಿನ್ಯಾಸ ಎಲ್ಲರಿಗೂ ಮುಕ್ತವಾಗಿರುವ) ತ್ರೀಡಿ ಪ್ರಿಂಟರ್ ರೆಪ್‌ರ್ಯಾಪ್ ಕೆಲಸವನ್ನು 2005ರಲ್ಲಿ ಶುರು ಮಾಡಿದವರು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್.

ಹಾಗಂತ ಪಿಯರ್ಸ್ ಕೆಲಸ ಸಣ್ಣದಲ್ಲ. ಲ್ಯಾಬಿನ ದುಬಾರಿ ಉಪಕರಣಗಳನ್ನು ನೀವೇ ಮಾಡಿಕೊಳ್ಳಬಹುದು, ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಡಬಹುದು ಎಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅಮೆರಿಕದ ವಿಶ್ವವಿದ್ಯಾಲಯ ಮಿಷಿಗನ್ ಟೆಕ್‌ನ ಅವರ ತಂಡ 1,500 ಡಾಲರಿಗಿಂತ ಕಡಿಮೆ ಬೆಲೆಯ ಸಾಮಾನಿನಲ್ಲಿ ಲೋಹದ ವಸ್ತುಗಳನ್ನು ಮುದ್ರಿಸುವ ತ್ರೀಡಿ ಯಂತ್ರ ಕಟ್ಟಿತು. ನಕ್ಷೆ, ಸಾಫ್ಟ್‌ವೇರ್ ಎರಡನ್ನೂ ಎಲ್ಲರಿಗೂ ಕೊಟ್ಟಿತು. ದುಡ್ಡಿಲ್ಲದ ಕಾಲೇಜಿನ ಲ್ಯಾಬಿಗೆ ಇದೇ ಜಾಸ್ತಿ ಮುಖ್ಯ, ಅಲ್ವಾ?